ಪುಟಕ್ಕೆ ಮರಳುವ ಓದು: ಶಾಲಾ ಮಕ್ಕಳು ಕಾದಂಬರಿಯನ್ನು ವಿಶ್ಲೇಷಿಸುವ ಬಗೆ

ಗೌರವಾನ್ವಿತ ಶಿಕ್ಷಕ ಮಿತ್ರರೇ, ಪೋಷಕರೇ,

ಆರರಿಂದ ಎಂಟನೆಯ ತರಗತಿಯ ಮಕ್ಕಳು ಓದಿನ ಪ್ರಾಜೆಕ್ಟ್‌ಗಾಗಿ ಬರೆದು ತರುವ ಪುಸ್ತಕಗಳನ್ನು ನಾನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಲೇಖಕರ ಪರಿಚಯ, ಪಾತ್ರಗಳ ಪಟ್ಟಿ, ಕಥೆಯ ಸಾರಾಂಶ, ಕೊನೆಗೊಂದು ನೀತಿ ಎಂಬ ಕ್ರಮದಲ್ಲಿ ಅವು ಹೆಚ್ಚುಕಡಿಮೆ ಒಂದೇ ಎರಕದಲ್ಲಿ ಹೊಯ್ದಂತೆ ಇರುತ್ತವೆ. ಅಕ್ಷರ ದುಂಡಾಗಿರುತ್ತದೆ, ಅಂಚಿಗೆ ಬಣ್ಣವಿರುತ್ತದೆ, ರಕ್ಷಾಪುಟದ ಚಿತ್ರವನ್ನು ಶ್ರದ್ಧೆಯಿಂದ ಬಿಡಿಸಿರುತ್ತಾರೆ. ಇಷ್ಟೆಲ್ಲ ಇದ್ದರೂ ಆ ಮಗು ಕಾದಂಬರಿಯ ಯಾವ ಪುಟದಲ್ಲಿ ತಡೆದು ನಿಂತಿತು, ಎಲ್ಲಿ ಅದಕ್ಕೆ ಸಿಟ್ಟು ಬಂತು, ಯಾವ ಮಾತನ್ನು ನಂಬಲಿಲ್ಲ ಎಂಬುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ, ಏಕೆಂದರೆ ನಾವು ಕೇಳಿದ್ದನ್ನೇ ಅವರು ಕೊಟ್ಟಿದ್ದಾರೆ. ಕಾದಂಬರಿಯ ವಿಶ್ಲೇಷಣೆ ಎಂದರೆ ಓದುವಾಗ ತನ್ನಲ್ಲಿ ಹುಟ್ಟಿದ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮಗು ಮತ್ತೆ ಅದೇ ಪುಟಗಳಿಗೆ ಮರಳುವುದು ಎಂದು ನಾನು ತಿಳಿದಿದ್ದೇನೆ. ಪ್ರಾಜೆಕ್ಟಿನ ಉಳಿದ ಭಾಗಗಳೆಲ್ಲ ಈ ಮರಳುವಿಕೆಗೆ ನೆರವಾದರೆ ಸಾಕು.

ಸಾರಾಂಶವನ್ನು ನಾನು ಹೀಗಳೆಯುತ್ತಿಲ್ಲ. 12 ವರ್ಷದ ಮಗು 200 ಪುಟದ ಕಾದಂಬರಿಯನ್ನು ಹತ್ತು ವಾಕ್ಯಗಳಲ್ಲಿ ಹೇಳಬಲ್ಲದಾದರೆ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಅದಕ್ಕೆ ಬಂದಿದೆ ಎಂದೇ ಅರ್ಥ. ಆದರೆ ಸಾರಾಂಶವು ಏನಾಯಿತು ಎಂಬಲ್ಲಿಗೆ ನಿಂತುಬಿಡುತ್ತದೆ; ಹಾಗೇಕಾಯಿತು, ಅದನ್ನು ನಮಗೆ ಹೀಗೇಕೆ ಹೇಳಿದರು ಎಂದು ಕೇಳುವಲ್ಲಿಂದ ವಿಶ್ಲೇಷಣೆ ತೊಡಗುತ್ತದೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ಅಂತರವನ್ನು ಒಬ್ಬ ರಾಜ, ಒಬ್ಬ ರಾಣಿಯ ನಿದರ್ಶನದಿಂದ ವಿವರಿಸಿದ್ದರು. ರಾಜ ಸತ್ತ ಮೇಲೆ ರಾಣಿಯೂ ಸತ್ತಳು ಎಂದರೆ ಅದು ಬರಿಯ ಕಥೆ, ರಾಜನ ಅಗಲಿಕೆಯ ದುಃಖದಲ್ಲಿ ರಾಣಿ ಸತ್ತಳು ಎಂದರೆ ಅದು ಕಥಾಸಂವಿಧಾನ. ಕಾರಣವನ್ನು ಸೂಚಿಸುವ ಒಂದು ಪದ ಸೇರಿದೊಡನೆ ಎರಡು ಸಾವುಗಳ ನಡುವೆ ಒಂದು ಸಂಬಂಧ ಏರ್ಪಡುತ್ತದೆ. ಈ ನಿದರ್ಶನವನ್ನು ಆರನೆಯ ತರಗತಿಯ ಮಕ್ಕಳ ಮುಂದಿಟ್ಟಿದ್ದೇನೆ. ಅದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಮುಂದಿನ ಮಾತುಗಳಿಗೆ ಆಧಾರವಾಗಿ ಒಂದು ಕಾದಂಬರಿಯನ್ನು ನಾವೇ ಕಲ್ಪಿಸಿಕೊಳ್ಳೋಣ. ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜ ಇದ್ದಾನೆ, ಅವನ ಆಸರೆಯಲ್ಲಿ ಬೆಳೆಯುತ್ತಿರುವ 12 ವರ್ಷದ ಮೊಮ್ಮಗಳಿದ್ದಾಳೆ. ಕಥೆ ಹೇಳುವವಳು ಮೊಮ್ಮಗಳೇ. ‘ಅಜ್ಜನಿಗೆ ನಾನೆಂದರೆ ಅಷ್ಟಕ್ಕಷ್ಟೆ’ ಎಂದು ಮೊದಲನೆಯ ಅಧ್ಯಾಯದಲ್ಲೇ ಅವಳು ಹೇಳಿಬಿಡುತ್ತಾಳೆ. ಊರವರ ಗಡಿಯಾರಗಳನ್ನೆಲ್ಲ ಸರಿಮಾಡಿಕೊಡುವ ಅಜ್ಜ, ತನ್ನದೇ ಅಂಗಡಿಯ ಗೋಡೆಯ ಮೇಲೆ ನಿಂತುಹೋಗಿರುವ ಒಂದು ಗಡಿಯಾರವನ್ನು ಮಾತ್ರ ಮುಟ್ಟುವುದಿಲ್ಲ. ಮೂರನೆಯ ಅಧ್ಯಾಯದಲ್ಲಿ, ಬೆಳಿಗ್ಗೆ ಶಾಲೆಯ ಚೀಲ ತೆರೆದಾಗಲೆಲ್ಲ ತನ್ನ ಪೆನ್ಸಿಲ್‌ಗಳು ಚೂಪಾಗಿಯೇ ಇರುತ್ತವೆ ಎಂದು ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿ, ಅದರ ಬಗ್ಗೆ ಮತ್ತೇನೂ ಯೋಚಿಸದೆ ಮುಂದಿನ ಸಂಗತಿಗೆ ಹೋಗುತ್ತಾಳೆ.

ಈ ಪೆನ್ಸಿಲ್‌ಗಳ ವಾಕ್ಯದ ಹತ್ತಿರ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಪಾತ್ರಗಳ ಪಟ್ಟಿ ಬರೆಯುವ ಮಗು ‘ಅಜ್ಜ: ಕಠಿಣ ಸ್ವಭಾವದವನು’ ಎಂದು ಬರೆದು ಮುಗಿಸುತ್ತದೆ, ಏಕೆಂದರೆ ಕಥೆ ಹೇಳುವವಳು ಹಾಗೆ ಹೇಳಿದ್ದಾಳೆ. ಪೆನ್ಸಿಲ್‌ಗಳನ್ನು ರಾತ್ರಿ ಯಾರು ಚೂಪು ಮಾಡಿಡುತ್ತಾರೆ ಎಂದು ಕೇಳಿದ ಮಗುವಾದರೋ ನಿರೂಪಕಿಗೆ ಕಾಣದಿರುವುದನ್ನು ನಿರೂಪಕಿಯ ಮಾತಿನಲ್ಲಿಯೇ ಕಂಡಿರುತ್ತದೆ. ಹೇಳುವವಳು ಸುಳ್ಳು ಹೇಳುತ್ತಿಲ್ಲ, ಆದರೂ ಅವಳು ಹೇಳಿದ್ದಷ್ಟೇ ನಿಜವಲ್ಲ ಎಂಬ ಅರಿವು ಈ ವಯಸ್ಸಿನ ಓದುಗರಿಗೆ ಬಹುದೊಡ್ಡ ಲಾಭ. ಸಂಪೂರ್ಣವಾಗಿ ನೆಚ್ಚಲಾಗದ ನಿರೂಪಕ ಎಂಬ ಪರಿಭಾಷೆಯನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಬಳಕೆಗೆ ತಂದರು. ನಮ್ಮ ಕಾವ್ಯಮೀಮಾಂಸೆಗೆ ಇದರ ನೆರೆಯ ಅರಿವೊಂದು ಬಹಳ ಹಿಂದಿನಿಂದಲೇ ಇತ್ತು. ಒಂಬತ್ತನೆಯ ಶತಮಾನದ ಸಂಸ್ಕೃತ ಕಾವ್ಯಚಿಂತಕ ಆನಂದವರ್ಧನನು ಮಾತಿನ ನೇರ ಅರ್ಥವಾದ ವಾಚ್ಯವನ್ನೂ ಅದರ ಆಚೆಗೆ ಹೊಳೆಯುವ ಧ್ವನಿಯನ್ನೂ ಬೇರ್ಪಡಿಸಿ ನೋಡಿದ್ದು ಕಾವ್ಯವನ್ನು ಕುರಿತಾದರೂ, ಪೆನ್ಸಿಲ್ ಚೂಪಾಗಿತ್ತು ಎಂಬ ವಾಚ್ಯದಿಂದ ಅಜ್ಜನ ಮಮತೆಯ ಧ್ವನಿಯನ್ನು ಹಿಡಿಯುವ ಮಗು ಮಾಡುತ್ತಿರುವ ಕೆಲಸವೂ ಅದೇ ಜಾತಿಯದು. ಮಕ್ಕಳಿಗೆ ಆ ಪದಗಳನ್ನು ಕಂಠಪಾಠ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ‘ಇದನ್ನು ಹೇಳುತ್ತಿರುವವರು ಯಾರು? ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ? ಇದೇ ಸಂಗತಿಯನ್ನು ಅಜ್ಜ ಹೇಳಿದ್ದರೆ ಏನು ಬದಲಾಗುತ್ತಿತ್ತು?’ ಎಂಬ ಮೂರು ಪ್ರಶ್ನೆಗಳು ಸಾಕು. ಕೊನೆಯ ಪ್ರಶ್ನೆಗೆ ಉತ್ತರವಾಗಿ ಅಜ್ಜನ ದನಿಯಲ್ಲಿ ಒಂದು ಪುಟ ಬರೆಯಿಸಿದರೆ, ನಿರೂಪಣೆಯ ಬಗ್ಗೆ ನಾವು ಒಂದು ಗಂಟೆ ಪಾಠ ಮಾಡುವುದಕ್ಕಿಂತ ಹೆಚ್ಚಿನದನ್ನು ಮಗು ಬರೆಯುತ್ತಲೇ ಕಲಿತಿರುತ್ತದೆ.

ಪಾತ್ರಗಳ ವಿಚಾರದಲ್ಲಿ ನಾನು ಒಂದೇ ನಿಯಮವನ್ನು ಸೂಚಿಸುತ್ತೇನೆ. ಪಾತ್ರದ ಬಗ್ಗೆ ಬಳಸುವ ಪ್ರತಿಯೊಂದು ಗುಣವಾಚಕದ ಪಕ್ಕದಲ್ಲಿ ಒಂದು ಪುಟಸಂಖ್ಯೆ ಇರಬೇಕು, ಆ ಪುಟದಲ್ಲಿ ಪಾತ್ರ ಮಾಡಿದ್ದನ್ನೋ ಆಡಿದ್ದನ್ನೋ ಮಗು ಉಲ್ಲೇಖಿಸಿರಬೇಕು. ಆಧಾರವನ್ನು ಹುಡುಕಿಕೊಂಡು ಹೋದಾಗ ‘ಒಳ್ಳೆಯವನು’ ಎಂಬ ಪದ ತಾನಾಗಿಯೇ ಬಿದ್ದುಹೋಗಿ, ‘ಪ್ರೀತಿಯನ್ನು ತೋರಿಸಲು ಬಾರದವನು’ ಎಂಬಂಥ ನಿಖರವಾದ ಮಾತು ಅದರ ಜಾಗಕ್ಕೆ ಬರುತ್ತದೆ.

ಕಥಾಸಂವಿಧಾನಕ್ಕೆ ಬಂದರೆ, ಬಹುತೇಕ ತರಗತಿಗಳಲ್ಲಿ ಒಂದು ಬೆಟ್ಟದ ಚಿತ್ರ ಬರೆಸುತ್ತಾರೆ. ಆರಂಭ, ಏರಿಕೆ, ಶಿಖರ, ಇಳಿಕೆ, ಮುಕ್ತಾಯ ಎಂದು ಅದರಲ್ಲಿ ಗುರುತು ಹಾಕಿಸುತ್ತಾರೆ. ಇದರ ಮೂಲ ಜರ್ಮನ್ ಲೇಖಕ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ಪ್ರಕಟಿಸಿದ ಗ್ರಂಥ, ಅದು ನಾಟಕದ ರಚನೆಯನ್ನು ಕುರಿತದ್ದು. ನಾಟಕಕ್ಕಾಗಿ ಹೊಲಿದ ಅಂಗಿ ಎಲ್ಲ ಕಾದಂಬರಿಗಳ ಮೈಗೂ ಒಪ್ಪಬೇಕೆಂದಿಲ್ಲ. ಪತ್ರಗಳ ರೂಪದಲ್ಲಿ ಸಾಗುವ, ಹಿಂದುಮುಂದಾಗಿ ಕಾಲದಲ್ಲಿ ಚಲಿಸುವ, ಅಥವಾ ಶಿಖರವೇ ಇಲ್ಲದೆ ಒಂದು ವರ್ಷದ ದಿನಗಳನ್ನು ಮೆಲ್ಲಗೆ ಬಿಚ್ಚಿಡುವ ಕಾದಂಬರಿಯನ್ನು ಓದಿದ ಮಗುವನ್ನು ಬೆಟ್ಟ ಹತ್ತಿಸಲು ಹೊರಟರೆ, ಇಲ್ಲದ ಶಿಖರವನ್ನು ಅದು ಹುಟ್ಟಿಸಿಕೊಂಡು ಬರೆಯುತ್ತದೆ. ‘ನೀನು ಓದಿದ ಕಾದಂಬರಿಯ ಆಕಾರ ಯಾವುದು? ಅದನ್ನು ನೀನೇ ಚಿತ್ರಿಸು’ ಎಂದು ಕೇಳುವುದು ಹೆಚ್ಚು ಪ್ರಾಮಾಣಿಕವಾದ ಪ್ರಶ್ನೆ. ನಮ್ಮ ಗಡಿಯಾರದ ಕಾದಂಬರಿಯನ್ನು ಒಂದು ಮಗು ಸುತ್ತುವ ಮುಳ್ಳಿನಂತೆ ವೃತ್ತವಾಗಿ ಬಿಡಿಸಿ, ಎಲ್ಲಿ ಹೊರಟಿತೋ ಅಲ್ಲಿಗೇ ಬಂದು ನಿಲ್ಲುತ್ತದೆ ಎಂದು ಕಾರಣ ಕೊಡಬಹುದು, ಅದು ಒಪ್ಪತಕ್ಕ ಉತ್ತರವೇ.

ಮಕ್ಕಳು ಅತಿ ಹೆಚ್ಚು ಎಡವುವುದು ಆಶಯದ ಪ್ರಶ್ನೆಯಲ್ಲಿ. ಕಾದಂಬರಿಯ ಆಶಯವೇನು ಎಂದು ಕೇಳಿದರೆ ‘ಸ್ನೇಹ’, ‘ಧೈರ್ಯ’, ‘ಕುಟುಂಬ’ ಎಂದು ಒಂದೊಂದು ಪದದ ಉತ್ತರ ಬರುತ್ತದೆ. ಇವು ವಿಷಯಗಳೇ ಹೊರತು ಆಶಯಗಳಲ್ಲ. ಆ ವಿಷಯದ ಬಗ್ಗೆ ಈ ಕಾದಂಬರಿ ಏನು ಹೇಳುತ್ತಿದೆ ಎಂಬುದು ಒಂದು ಪೂರ್ಣ ವಾಕ್ಯವಾದಾಗಲೇ ಅದು ಆಶಯವಾಗುತ್ತದೆ. ಇನ್ನೊಂದು ಅಪಾಯವೆಂದರೆ ಆಶಯದ ಜಾಗದಲ್ಲಿ ನೀತಿ ಬಂದು ಕೂರುವುದು. ‘ಹಿರಿಯರನ್ನು ಗೌರವಿಸಬೇಕು’ ಎಂಬ ವಾಕ್ಯವನ್ನು ನಮ್ಮ ಕಾದಂಬರಿಯನ್ನು ಓದದೆಯೂ ಬರೆಯಬಹುದು. ‘ಕೆಲವರ ಪ್ರೀತಿ ಮಾತಿನಲ್ಲಿ ಸಿಗುವುದಿಲ್ಲ, ಅವರು ಮಾಡುವ ಸಣ್ಣ ಕೆಲಸಗಳಲ್ಲಿ ಅದನ್ನು ಹುಡುಕಬೇಕು’ ಎಂಬ ವಾಕ್ಯವನ್ನು ಆ ಪೆನ್ಸಿಲ್‌ಗಳನ್ನು ಗಮನಿಸಿದ ಮಗುವಷ್ಟೇ ಬರೆಯಬಲ್ಲದು. ಹಾಗಾಗಿ ಒಂದು ಸರಳ ಪರೀಕ್ಷೆಯನ್ನು ಮಕ್ಕಳ ಕೈಗೇ ಕೊಡಬಹುದು: ನೀನು ಬರೆದ ವಾಕ್ಯ ಬೇರೆ ಹತ್ತು ಪುಸ್ತಕಗಳಿಗೂ ಹೊಂದುವುದಾದರೆ ಮತ್ತೊಮ್ಮೆ ಪುಟಗಳಿಗೆ ಹೋಗಿ ಬಾ. ನಿಂತ ಗಡಿಯಾರವನ್ನು ಅಜ್ಜ ಏಕೆ ಮುಟ್ಟುವುದಿಲ್ಲ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ತಂದರೂ ಚಿಂತೆಯಿಲ್ಲ. ಅಮೆರಿಕದ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರ ತಮ್ಮ ಪುಸ್ತಕದಲ್ಲಿ, ಕೃತಿಯ ಅರ್ಥ ಓದುಗನೂ ಪಠ್ಯವೂ ಕೂಡುವಲ್ಲಿ ಮೂಡುತ್ತದೆ ಎಂಬ ನಿಲುವನ್ನು ಪ್ರತಿಪಾದಿಸಿದರು; ಆದರೆ ಅನಿಸಿದ್ದೆಲ್ಲ ಅರ್ಥವೆಂದು ಅವರು ಒಪ್ಪಲಿಲ್ಲ, ಪಠ್ಯದ ಬೆಂಬಲವಿರುವ ಓದಿಗೂ ಇಲ್ಲದ ಓದಿಗೂ ವ್ಯತ್ಯಾಸವಿದೆ ಎಂದರು.

ಇನ್ನು ಕೆಲಸ ನಡೆಯಬೇಕಾದ ರೀತಿ. ಕಾದಂಬರಿಯನ್ನು ಪೂರ್ತಿ ಓದಿದ ಮೇಲೆ ಪ್ರಾಜೆಕ್ಟ್ ಆರಂಭಿಸುವುದು ತಡವಾಯಿತೆಂದೇ ನನ್ನ ಅಭಿಪ್ರಾಯ. ಮೊದಲ ಎರಡು ಅಧ್ಯಾಯಗಳಾದೊಡನೆ ಮಗು ತನ್ನ ಊಹೆಯನ್ನು ಬರೆದಿಡಲಿ, ನಡುವಿನಲ್ಲಿ ಮತ್ತೊಮ್ಮೆ ಬರೆಯಲಿ, ಕೊನೆಯಲ್ಲಿ ಮೂರನೆಯ ಬಾರಿ ಬರೆಯಲಿ. ನಾಲ್ಕು ಮಕ್ಕಳು ಒಂದೇ ಕಾದಂಬರಿಯನ್ನು ಓದಿ ವಾರಕ್ಕೊಮ್ಮೆ ಕುಳಿತು ಮಾತನಾಡಿದರೆ ಒಬ್ಬರು ಕಾಣದ್ದನ್ನು ಇನ್ನೊಬ್ಬರು ಕಂಡಿರುತ್ತಾರೆ, ವಾದ ಬೆಳೆದಾಗ ‘ಯಾವ ಪುಟ?’ ಎಂದು ಕೇಳುವ ಅಭ್ಯಾಸ ತಾನಾಗಿ ಹುಟ್ಟುತ್ತದೆ. ಅಂತರ್ಜಾಲದಿಂದ ಸಾರಾಂಶ ನಕಲು ಮಾಡುವ ಸಮಸ್ಯೆಯೂ ಇಲ್ಲಿ ಬಹುಮಟ್ಟಿಗೆ ಕರಗುತ್ತದೆ, ಏಕೆಂದರೆ ಒಂದು ಮಗು ಎರಡನೆಯ ಅಧ್ಯಾಯದಲ್ಲಿ ಏನನ್ನು ತಪ್ಪಾಗಿ ಊಹಿಸಿತ್ತು ಎಂಬುದು ಬೇರೆಲ್ಲಿಯೂ ಬರೆದಿಟ್ಟಿರುವುದಿಲ್ಲ.

ಮೌಲ್ಯಮಾಪನ ಮಾಡುವ ಶಿಕ್ಷಕರಲ್ಲಿ ಕಳಕಳಿಯ ಒಂದು ವಿನಂತಿ ಇದೆ. ಕೊನೆಯಲ್ಲಿ ನೀಟಾಗಿ ನಕಲೆತ್ತಿದ ಪ್ರತಿಯ ಜೊತೆಗೆ ಆ ಮೊದಲ ಊಹೆಯ ಹಾಳೆಯನ್ನೂ, ಗೀಚಿ ಹೊಡೆದುಹಾಕಿದ ಸಾಲುಗಳಿರುವಂತೆಯೇ, ತರಿಸಿಕೊಳ್ಳಿ. ‘ಅಜ್ಜ ಕೆಟ್ಟವನು, ಹುಡುಗಿ ಮನೆ ಬಿಟ್ಟು ಓಡಿಹೋಗುತ್ತಾಳೆ’ ಎಂದು ಅದರಲ್ಲಿದ್ದರೆ ಕೆಂಪು ಶಾಯಿ ಹಚ್ಚಬೇಡಿ. ಆ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಮಗುವಿನ ಮುಂದೆ ಅಕ್ಕಪಕ್ಕದಲ್ಲಿಟ್ಟು, ನಿನ್ನ ಅಭಿಪ್ರಾಯ ಯಾವ ಪುಟದಲ್ಲಿ ಬದಲಾಯಿತು ಎಂದು ಕೇಳಿ, ಅದು ಪುಸ್ತಕ ತೆರೆದು ಆ ಪುಟವನ್ನು ಹುಡುಕುವವರೆಗೆ ಕಾಯಿರಿ.