ಗುಂಡಿಗೆ ಏನು ತುಂಬುತ್ತೀರಿ?

ಎಲ್ಲರಿಗೂ ನಮಸ್ಕಾರ. ಕ್ವಾರಿ ಬೇಕೋ ಬೇಡವೋ ಎಂಬ ವಾದ ನಿಮಗೆಲ್ಲ ಬಾಯಿಪಾಠ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಹೊಸ ಕ್ವಾರಿಗೆ ಊರವರ ಒಪ್ಪಿಗೆ ಕೇಳಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಚಿತ್ರ ಇರುತ್ತದೆ. ಹಸಿರು ಗುಡ್ಡ, ನೀಲಿ ಕೆರೆ, ದಡದಲ್ಲಿ ಎರಡು ಬೆಳ್ಳಕ್ಕಿ. ‘ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿಕೊಡುತ್ತೇವೆ’ ಎನ್ನುತ್ತಾರೆ. ಏನು ತುಂಬಿ ಮುಚ್ಚುತ್ತೀರಿ ಎಂದು ಕೇಳಿ. ಕಲ್ಲೆಲ್ಲ ಲಾರಿ ಹತ್ತಿ ಹೋಗಿರುತ್ತದೆ. ಉಳಿಯುವುದು ಮೇಲ್ಮಣ್ಣು, ಅದರಡಿಯ ಗಟ್ಟಿಮಣ್ಣು, ಮಾರಾಟವಾಗದ ಪುಡಿ. ಅಂಚಿನ ಇಳಿಜಾರು ತಗ್ಗಿಸಿ ಮೇಲೊಂದು ಹೊದಿಕೆ ಹಾಕಲು ಅಷ್ಟು ಸಾಕಾದರೆ ಪುಣ್ಯ. ಹೊರಗಿನಿಂದ ಮಣ್ಣು ತರುತ್ತೇವೆ ಎಂದರೆ ಇನ್ನೂ ಹುಷಾರು, ಪಟ್ಟಣದ ಕಸವೂ ಅದೇ ಲಾರಿಯಲ್ಲಿ ಬರುತ್ತದೆ.

ಆದ್ದರಿಂದ ಅಗೆದ ನೆಲದ ಪುನಶ್ಚೇತನ ಶುರುವಾಗುವುದು ಮೊದಲ ದಿನ, ಮೇಲ್ಮಣ್ಣು ಕೆರೆಯುವಾಗ. ಮಣ್ಣು ಒಣಗಿದ್ದಾಗಲೇ ಕೆರೆಯಬೇಕು. ಒದ್ದೆ ಮಣ್ಣನ್ನು ಯಂತ್ರ ತುಳಿದರೆ ಇಟ್ಟಿಗೆಯಾಗುತ್ತದೆ. ಮೇಲ್ಮಣ್ಣಿನ ರಾಶಿ ಬೇರೆ, ಕೆಳಮಣ್ಣಿನ ರಾಶಿ ಬೇರೆ. ಮೇಲ್ಮಣ್ಣಿನ ರಾಶಿ ಎರಡು ಮೀಟರ್ ದಾಟಬಾರದು. ಎತ್ತರವಾದರೆ ಒಳಗೆ ಗಾಳಿಯಾಡದೆ ಜೀವಾಣುಗಳು ಸಾಯುತ್ತವೆ. ರಾಶಿಯ ಮೇಲೆ ದ್ವಿದಳ ಗಿಡ ಬಿತ್ತಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಅದು ಚರಂಡಿ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ರಾಶಿಯನ್ನೇ ಹಾಕದಿರುವುದು: ಇವತ್ತು ಕೆರೆದದ್ದನ್ನು ಕಲ್ಲು ತೆಗೆದು ಮುಗಿದ ಪಕ್ಕದ ತುಂಡಿಗೆ ನೇರವಾಗಿ ಹಾಸುವುದು.

ಹಾಸುವಾಗಲೂ ತಪ್ಪಾಗುತ್ತದೆ. ಡಂಪರ್ ಓಡಾಡಿ ಗಟ್ಟಿಯಾದ ತಳದ ಮೇಲೆ ಮಣ್ಣು ಸುರಿದು ಗಿಡ ನೆಟ್ಟರೆ ಬೇರು ಕುಂಡದಲ್ಲಿದ್ದಂತೆ ಸುತ್ತುತ್ತದೆ. ಎರಡನೇ ಬೇಸಿಗೆಗೆ ಗಿಡ ಒಣಗುತ್ತದೆ, ಬೈಗುಳ ಗಿಡಕ್ಕೆ. ಮೊದಲು ತಳವನ್ನು ಅರ್ಧ ಮೀಟರಿಗೂ ಆಳವಾಗಿ ಸೀಳಬೇಕು. ಆಮೇಲೆ ಹಿಟಾಚಿ ಹಿಂದೆ ಸರಿಯುತ್ತಾ ಮಣ್ಣನ್ನು ಸಡಿಲವಾಗಿ ಬಿಡಬೇಕು. ಹಾಸಿದ ಮಣ್ಣಿನ ಮೇಲೆ ಚಕ್ರ ಹತ್ತಬಾರದು. ಉಬ್ಬುತಗ್ಗು ಇದ್ದರೆ ಇರಲಿ. ನುಣ್ಣಗೆ ಮಟ್ಟ ಮಾಡುವುದು ಉದ್ಘಾಟನೆಯ ಫೋಟೋಗೆ ಮಾತ್ರ ಒಳ್ಳೆಯದು.

ಮಣ್ಣೇ ಇಲ್ಲದ ಕಡೆ? ಕೀನ್ಯಾದ ಮೊಂಬಾಸಾ ಪಕ್ಕ ಬಂಬುರಿ ಎಂಬಲ್ಲಿ ಸಿಮೆಂಟಿಗಾಗಿ ಹವಳದ ಸುಣ್ಣಕಲ್ಲು ತೆಗೆದು ಬರಡಾದ ಕ್ವಾರಿ ಇತ್ತು. 1971ರಲ್ಲಿ ರೆನೆ ಹಾಲರ್ ಎಂಬ ತಜ್ಞರು ಅಲ್ಲಿ 26 ಜಾತಿಯ ಸಸಿ ನೆಟ್ಟರು, ಉಳಿದದ್ದು ಮೂರು. ಅದರಲ್ಲಿ ಗಾಳಿಮರ ಗೆದ್ದಿತು, ಯಾಕೆಂದರೆ ಅದರ ಬೇರಿನ ಗಂಟಿನಲ್ಲಿರುವ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಮರ ಬೆಳೆಯಿತು, ಆದರೆ ಉದುರಿದ ಸೂಜಿ ಎಲೆ ಕೊಳೆಯಲೇ ಇಲ್ಲ; ಅದರಲ್ಲಿ ಒಗರಿನ ಟ್ಯಾನಿನ್ ತುಂಬಿತ್ತು. ಎಲೆಯ ಹಾಸು ಬಿದ್ದಲ್ಲೇ ಬಿದ್ದಿತ್ತು, ಮಣ್ಣಾಗಲಿಲ್ಲ. ಅದನ್ನು ತಿಂದದ್ದು ಕೆಂಪು ಕಾಲಿನ ಚೋರಟೆ, ಸಾವಿರ ಕಾಲಿನ ಹುಳು! ಹಿಡಿದು ತಂದು ಬಿಟ್ಟರು. ಅದರ ಹಿಕ್ಕೆಯಿಂದಲೇ ಕಪ್ಪು ಮಣ್ಣಿನ ಪದರ ಕಟ್ಟತೊಡಗಿತು. ಮುಂದೆ ಹುಲ್ಲು, ಮೇಯುವ ಪ್ರಾಣಿ, ಕೊಳ. 2004ರ ಸುನಾಮಿಯಲ್ಲಿ ಅನಾಥವಾದ ನೀರಾನೆ ಮರಿ ಮುದಿ ಆಮೆಯ ಬೆನ್ನು ಹತ್ತಿದ್ದೂ ಅಲ್ಲೇ. ಆ ಫೋಟೋ ನೀವು ನೋಡಿರುತ್ತೀರಿ. ಚೋರಟೆಯ ಫೋಟೋ ಮಾತ್ರ ಯಾರೂ ಹಂಚುವುದಿಲ್ಲ.

ಚೀಟಿ ಬಂತು, ಸಮಯ ಮುಗಿಯುತ್ತಿದೆಯಂತೆ. ಉಳಿದದ್ದು ಬೇಗ ಬೇಗ.

ಮೊದಲ ಸ್ಫೋಟಕ್ಕೆ ಮುಂಚೆ ಒಂದು ಇಡೀ ವರ್ಷ ಸುತ್ತಲಿನ ಬಾವಿಗಳ ನೀರಿನ ಮಟ್ಟ ಬರೆದಿಡಿ, ಮನೆ ಗೋಡೆಗಳ ಬಿರುಕನ್ನು ದಿನಾಂಕ ಸಮೇತ ಫೋಟೋ ತೆಗೆದಿಡಿ. ಆಮೇಲೆ ತೆಗೆದದ್ದಕ್ಕೆ ಬೆಲೆಯಿಲ್ಲ. ಗುಂಡಿಯನ್ನು ಕೆರೆಯಾಗಿ ಉಳಿಸುವುದಾದರೆ ಒಂದು ಬದಿಯಾದರೂ ನಡೆದು ಹತ್ತಿಬರುವಷ್ಟು ಇಳಿಜಾರಾಗಿರಲಿ. ನೆಟ್ಟಗಿನ ಗೋಡೆಯ ಗುಂಡಿಗೆ ಬಿದ್ದವರು ಈಜು ಬಂದರೂ ಮೇಲೆ ಬರಲಾರರು.

ಇನ್ನು ಹಣ. ನೆಲ ಸರಿಪಡಿಸುವ ಖರ್ಚಿಗೆ ಮಾಲೀಕರು ಇಡುವ ಠೇವಣಿ, ಕ್ವಾರಿ ತೆರೆಯುವ ಮೊದಲೇ ಬ್ಯಾಂಕಿನಲ್ಲಿರಬೇಕು, ಅದರ ಲೆಕ್ಕ ಊರಿನ ಸಮಿತಿಗೆ ಕಾಣಬೇಕು. ಮೊತ್ತ ಎಷ್ಟು? ಮಾಲೀಕರು ಬಿಟ್ಟು ಹೋದ ಮೇಲೆ ಹೊರಗಿನ ಗುತ್ತಿಗೆದಾರ ಬಾಡಿಗೆ ಯಂತ್ರ ತಂದು ಕೆಲಸ ಮುಗಿಸಲು ಬೇಕಾದಷ್ಟು. ಸಸಿ ನೆಟ್ಟ ದಿನವೇ ಅದನ್ನು ವಾಪಸ್ ಕೊಡಬೇಡಿ. ಎರಡು ಬೇಸಿಗೆ ದಾಟಲಿ, ಬದುಕಿದ್ದನ್ನು ಎಣಿಸಿ, ಆಮೇಲೆ ಕಂತಿನಲ್ಲಿ ವಾಪಸ್ ಕೊಡಿ.

ಧೂಳು, ಲಾರಿ ದಾರಿಯ ವಿಷಯ ಹಾಗೇ ಉಳಿಯಿತು, ಪ್ರಶ್ನೋತ್ತರದಲ್ಲಿ ಕೇಳಿ.