ಬೆರಳು ಎತ್ತುವ ಹೊತ್ತು

ಚಿಕ್ಕಮಗಳೂರಿನಲ್ಲಿ ಮೂರು ದಿನಗಳಿಂದ ಮಳೆ ಬಿಟ್ಟಿಲ್ಲ. ಈ ವಿಡಿಯೊದ ಹಿನ್ನೆಲೆಯಲ್ಲಿ ಕೇಳಿಸುತ್ತಿರುವ ಸದ್ದು ಹೆಂಚಿನ ಮೇಲೆ ಬೀಳುವ ನೀರಿನದು, ವಾದ್ಯದ್ದಲ್ಲ. ಪರದೆಯಲ್ಲಿ ಈಗ ಕಾಣುತ್ತಿರುವುದು ಆರ್ಟುರಿಯಾದ ಬೀಟ್‌ಸ್ಟೆಪ್ ಪ್ರೊ ಸೀಕ್ವೆನ್ಸರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ಜೋಡಿಸಿಟ್ಟ ಸ್ವರಗಳನ್ನು ಸಿಂಥಸೈಜರಿನಿಂದ ತಾನೇ ನುಡಿಸುವ ಯಂತ್ರ. ಇದರ 16 ನಾಬ್‌ಗಳಿಂದ ಪ್ರತಿ ಸ್ಟೆಪ್ಪಿನ (ಹೆಜ್ಜೆಯ) ಸ್ವರ, ವೆಲಾಸಿಟಿ (ಕೀ ಒತ್ತುವ ರಭಸ) ಮತ್ತು ಗೇಟ್ ಮೂರನ್ನೂ ಹೊಂದಿಸಬಹುದು. ಮೊದಲೆರಡನ್ನು ಉತ್ಸಾಹದಿಂದ ತಿರುಗಿಸುತ್ತಿದ್ದ ನಾನು ಗೇಟನ್ನು ಸುಮಾರು ಒಂದು ವರ್ಷ ಮುಟ್ಟಿರಲಿಲ್ಲ.

ತಪ್ಪನ್ನು ಹಿಡಿದವರು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ನಮ್ಮ ದೊಡ್ಡಮ್ಮ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದು ಬೆರಳನ್ನೇ ಎತ್ತೋದಿಲ್ಲವಲ್ಲೋ" ಎಂದರು. ಗೇಟ್ ಎಂದರೆ ಅದೇ: ಕೀ ಒತ್ತಿದ ಕ್ಷಣದಿಂದ ಬೆರಳನ್ನು ಎತ್ತುವವರೆಗಿನ ಅವಧಿ. ನಿಮಿಷಕ್ಕೆ 120 ಬೀಟ್‌ಗಳ ಟೆಂಪೊದಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್; ಅದನ್ನು ನಾಲ್ಕು ಸ್ಟೆಪ್‌ಗಳಾಗಿ ಹಂಚಿದರೆ ಒಂದೊಂದಕ್ಕೆ 125. ಗೇಟ್ ಸ್ಟೆಪ್ಪಿನ ಶೇಕಡಾ 50 ಇದ್ದರೆ ಬೆರಳು ಕೀಯ ಮೇಲಿರುವುದು 62.5 ಮಿಲಿಸೆಕೆಂಡ್ ಮಾತ್ರ.

ಆದರೆ ಗೇಟ್ ಮುಚ್ಚಿದೊಡನೆ ಸ್ವರ ಅಡಗಿಬಿಡುತ್ತದೆ ಎಂದು ತಿಳಿಯಬಾರದು. ಸಿಂಥಸೈಜರಿನ ಎನ್ವಲಪ್, ಅಂದರೆ ಸದ್ದಿನ ಏರಿಳಿತದ ರೂಪ, ಆಗ ಸ್ವರ ಕ್ರಮೇಣ ಅಡಗುವ ರಿಲೀಸ್ ಹಂತಕ್ಕೆ ಇಳಿಯುತ್ತದೆ, ಅಷ್ಟೆ. ನನ್ನ ರಿಲೀಸ್ ಉದ್ದವಾಗಿದ್ದು, ಗೇಟೂ ಬಹುತೇಕ ಪೂರ್ತಿ ತೆರೆದಿದ್ದುದರಿಂದ, ಒಂದು ಸ್ವರದ ಬಾಲವು ಮುಂದಿನ ಎರಡು ಮೂರು ಸ್ವರಗಳ ಮೇಲೆ ಹರಡಿಕೊಂಡು ಎಲ್ಲವೂ ಕಲಸಿಹೋಗುತ್ತಿತ್ತು. ನಾನು ರಿವರ್ಬನ್ನು (ಕೃತಕ ಮಾರ್ದನಿಯನ್ನು) ದೂರುತ್ತಿದ್ದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ನಿಧಾನವಾಗಿ ಅರಳುವ ಸ್ವರಕ್ಕೆ 200 ಮಿಲಿಸೆಕೆಂಡಿನ ಅಟ್ಯಾಕ್ (ಪೂರ್ತಿ ಎತ್ತರಕ್ಕೆ ಏರುವ ಅವಧಿ) ಕೊಟ್ಟು ಗೇಟನ್ನು 62.5ರಲ್ಲೇ ಇಟ್ಟರೆ, ಎನ್ವಲಪ್ ಒಂದೇ ಸಮನೆ ಏರುವಂತಹದ್ದಾದರೂ ಸುಮಾರು ಮೂರನೆಯ ಒಂದು ಪಾಲಿನ ಎತ್ತರವನ್ನಷ್ಟೇ ತಲುಪಿ ಅಲ್ಲಿಂದಲೇ ಇಳಿಯತೊಡಗುತ್ತದೆ. ಸದ್ದು ಕ್ಷೀಣವಾಗಿದೆಯೆಂದು ವಾಲ್ಯೂಮ್ ಏರಿಸುವ ಮೊದಲು ಗೇಟನ್ನು ನೋಡುವುದು ಒಳ್ಳೆಯದು. ಹಾರ್ಮೋನಿಯಮ್ಮಿನಂತೆ ಸಸ್ಟೇನ್ (ಕೀ ಒತ್ತಿರುವಷ್ಟು ಹೊತ್ತು ನಿಲ್ಲುವ ಮಟ್ಟ) ಪೂರ್ತಿ ಇರುವ ಧ್ವನಿಯಲ್ಲಿ ಗೇಟಿನ ಪ್ರತಿಯೊಂದು ಬದಲಾವಣೆಯೂ ಸ್ಪಷ್ಟವಾಗಿ ಕೇಳಿಸುತ್ತದೆ. ವೀಣೆಯ ಮೀಟಿನಂತೆ ಸಸ್ಟೇನ್ ಸೊನ್ನೆಯಿರುವ ಧ್ವನಿಯಲ್ಲಾದರೋ, ಡಿಕೇ (ಏರಿದ ಸದ್ದು ಸಸ್ಟೇನ್ ಮಟ್ಟಕ್ಕೆ ಇಳಿಯುವ ಹಂತ) ಮುಗಿದ ಮೇಲೂ ಗೇಟ್ ತೆರೆದಿದ್ದು ಪ್ರಯೋಜನವಿಲ್ಲ.

ಗೇಟನ್ನು ಮುಂದಿನ ಸ್ಟೆಪ್ಪಿಗೆ ಟೈ ಮಾಡಿ (ನಡುವೆ ಮುಚ್ಚದಂತೆ ಜೋಡಿಸಿ), ಸಿಂಥನ್ನು ಲೆಗಾಟೊದಲ್ಲಿಟ್ಟರೆ, ಎನ್ವಲಪ್ ಹೊಸದಾಗಿ ಶುರುವಾಗದೆ ಸ್ವರ ಮಾತ್ರ ಬದಲಾಗುತ್ತದೆ. ಗ್ಲೈಡ್ ಸೇರಿಸಿದರೆ ಜಾರು ಬರುತ್ತದೆ. ರೋಲ್ಯಾಂಡ್ ಟಿಬಿ-303 ಎಂಬ ಬೇಸ್ ಸಿಂಥಸೈಜರಿನ ಸ್ಲೈಡ್ ಕೂಡ ಗೇಟನ್ನು ಮುಚ್ಚದೆಯೇ ಮುಂದಿನ ಸ್ವರಕ್ಕೆ ಹೋಗುವ ಉಪಾಯವೇ.

ಈಗ ಕೇಳಿ. ಟೆಂಪೊ 120, ಗೇಟ್ ಶೇಕಡಾ 50, ರಿಲೀಸ್ 100 ಮಿಲಿಸೆಕೆಂಡ್: ಸ್ವರದ ಬಾಲ ಮುಂದಿನ ಸ್ಟೆಪ್ಪಿನೊಳಕ್ಕೆ ತುಸುವೇ ಚಾಚಿಕೊಳ್ಳುತ್ತದೆ. ಯಾವ ನಾಬನ್ನೂ ಮುಟ್ಟದೆ ಟೆಂಪೊವನ್ನು ಮಾತ್ರ 60ಕ್ಕೆ ಇಳಿಸುತ್ತೇನೆ. ಗೇಟ್ ಶೇಕಡಾ ಲೆಕ್ಕದ್ದಾದ್ದರಿಂದ 125 ಮಿಲಿಸೆಕೆಂಡಿಗೆ ಹಿಗ್ಗಿತು, ರಿಲೀಸ್ ಇದ್ದಲ್ಲೇ ಉಳಿಯಿತು. 250 ಮಿಲಿಸೆಕೆಂಡಿನ ಸ್ಟೆಪ್ಪಿನಲ್ಲಿ ಕೊನೆಯ 25 ಖಾಲಿ. ಆ ಸಣ್ಣ ಬಿರುಕಿನಲ್ಲೀಗ ಮಳೆಯ ಸದ್ದು ಕೇಳಿಸುತ್ತಿದೆ.