ಕತ್ತಿ ಮುಟ್ಟಿದಾಗ ಜೀವ ಇತ್ತೇ?

ಕೇಳುಗರಿಗೆ ನಮಸ್ಕಾರ.

ಹಲಾಲ್ ಮಾಂಸ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕತ್ತಿ, ಕುತ್ತಿಗೆ ಮತ್ತು ಬಿಸ್ಮಿ, ಅಂದರೆ ಅಲ್ಲಾಹನ ಹೆಸರು ಹೇಳುವುದು. ಅಷ್ಟೇ ಆಗಿದ್ದರೆ ಈ ವಿಷಯ ಎರಡು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಆದರೆ ಇಸ್ಲಾಮಿನ ಧರ್ಮಶಾಸ್ತ್ರ ಬಲ್ಲವರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇದರ ಬಗ್ಗೆ ವಾದ ಮಾಡುತ್ತಲೇ ಇದ್ದಾರೆ. ಆ ವಾದ ಈಗ ಕಸಾಯಿಖಾನೆಯ ಯಂತ್ರದ ಮುಂದೆ ಬಂದು ನಿಂತಿದೆ. ಅದರಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಕತ್ತಿ ಮುಟ್ಟಿದಾಗ ಪ್ರಾಣಿಗೆ ಜೀವ ಇತ್ತೇ?

ಕುರ್‌ಆನಿನ ಐದನೇ ಅಧ್ಯಾಯ ಅಲ್ ಮಾಇದಾ. ಅದರ 3ನೇ ವಚನದಲ್ಲಿ ಏನೇನು ತಿನ್ನಬಾರದು ಅಂತ ಹೇಳಿದೆ. ತಾನಾಗಿ ಸತ್ತ ಪ್ರಾಣಿ, ರಕ್ತ, ಹಂದಿಮಾಂಸ, ಅಲ್ಲಾಹನಲ್ಲದೆ ಬೇರೆಯವರ ಹೆಸರಿನಲ್ಲಿ ಕೊಯ್ದದ್ದು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಮುಂದೆಯೂ ಪಟ್ಟಿ ಇದೆ. ಉಸಿರುಗಟ್ಟಿ ಸತ್ತದ್ದು, ಪೆಟ್ಟು ತಿಂದು ಸತ್ತದ್ದು, ಎತ್ತರದಿಂದ ಬಿದ್ದು ಸತ್ತದ್ದು, ಇನ್ನೊಂದು ಪ್ರಾಣಿ ಹಾಯ್ದು ಸತ್ತದ್ದು, ಕಾಡುಮೃಗ ತಿಂದು ಬಿಟ್ಟದ್ದು, ಇವೂ ಬೇಡ. ಆಮೇಲೆ ಒಂದು ಪುಟ್ಟ ವಿನಾಯಿತಿ ಬರುತ್ತದೆ. ಸಾಯುವ ಮುಂಚೆ ನೀವು ಕೊಯ್ದಿದ್ದರೆ ಅದು ಸಲ್ಲುತ್ತದೆ ಅಂತ. ತೋಳ ಕಚ್ಚಿದ ಕುರಿಗೆ ಇನ್ನೂ ಜೀವ ಇದ್ದಾಗ ಕೊಯ್ದರೆ ತಿನ್ನಬಹುದು. ಸತ್ತ ಮೇಲೆ ಎಷ್ಟೇ ಕ್ರಮವಾಗಿ ಕೊಯ್ದರೂ, ಎಷ್ಟು ಸಲ ಬಿಸ್ಮಿ ಹೇಳಿದರೂ ಅದು ಹರಾಮ್, ಅಂದರೆ ನಿಷಿದ್ಧ.

ಪ್ರವಾದಿಯವರ ನಡೆನುಡಿಯ ವರದಿಗಳಿಗೆ ಹದೀಸ್ ಅನ್ನುತ್ತಾರೆ. ಇದಕ್ಕೆ ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಒಂದು ಒಳ್ಳೆಯ ಪ್ರಸಂಗ ಸಿಗುತ್ತದೆ. ಮದೀನಾದ ಸಲ್ಅ ಬೆಟ್ಟದ ಹತ್ತಿರ ಒಬ್ಬಳು ದಾಸಿ ಕುರಿ ಮೇಯಿಸುತ್ತಿದ್ದಳು. ಅವಳು ಪ್ರವಾದಿಯವರ ಅನುಯಾಯಿ ಕಅಬ್ ಇಬ್ನ್ ಮಾಲಿಕ್ ಅವರ ಮನೆಯ ದಾಸಿ. ಒಂದು ಕುರಿ ಇನ್ನೇನು ಸಾಯುವ ಹಾಗಾಯಿತು. ಅವಳು ಕಲ್ಲೊಂದನ್ನು ಒಡೆದಳು. ಅದರ ಚೂಪಾದ ಅಂಚಿನಿಂದ ಕುರಿಯನ್ನು ಕೊಯ್ದುಬಿಟ್ಟಳು. ಕಅಬ್‌ಗೆ ಅನುಮಾನ ಬಂತು. ಪ್ರವಾದಿಯವರನ್ನು ಕೇಳುವ ತನಕ ತಿನ್ನಬೇಡಿ ಅಂದರು. ಪ್ರವಾದಿಯವರು ತಿನ್ನಿ ಅಂದರು.

ಎಷ್ಟು ಸಣ್ಣ ಘಟನೆ, ಅಲ್ವಾ? ಆದರೆ ಶಾಸ್ತ್ರಕಾರರು ಇದರಿಂದ ಒಂದಷ್ಟು ನಿಯಮಗಳನ್ನು ತೆಗೆದರು. ಹೆಂಗಸು ಕೊಯ್ದದ್ದೂ ಸಲ್ಲುತ್ತದೆ. ಉಪಕರಣ ಕಬ್ಬಿಣದ್ದೇ ಆಗಬೇಕೆಂದಿಲ್ಲ, ಹರಿತವಾಗಿ ರಕ್ತ ಹರಿಸಿದರೆ ಸಾಕು. ಆದರೆ ಕಬ್ಬಿಣದ್ದು ಸಿಗುವಾಗ ಅದೇ ಬೇಕು ಅನ್ನುವುದು ಶಿಯಾ ಪಂಥದ ನಿಲುವು. ಹಲ್ಲು ಮತ್ತು ಉಗುರಿನಿಂದ ಮಾತ್ರ ಕೊಯ್ಯಬಾರದು ಅಂತ ಇನ್ನೊಂದು ಹದೀಸ್ ಇದೆ. ಸಾಯುತ್ತಿರುವ ಪ್ರಾಣಿಯಾದರೂ ಕೊಯ್ಯುವಾಗ ಜೀವ ಇದ್ದರೆ ಆಯಿತು ಅನ್ನುವುದಕ್ಕೂ ಇದೇ ಆಧಾರ.

ಇನ್ನು ಕೊಯ್ಯುವ ರೀತಿ. ಕುರಿ, ಮೇಕೆ, ದನಗಳನ್ನು ಗಂಟಲಿನ ಹತ್ತಿರ ಕೊಯ್ಯುತ್ತಾರೆ. ಒಂಟೆಯ ಕತ್ತು ಉದ್ದ. ಹಾಗಾಗಿ ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಚುಚ್ಚಿ ಕೊಯ್ಯುತ್ತಾರೆ. ಅದಕ್ಕೆ ನಹ್ರ್ ಅಂತ ಹೆಸರು. ಕತ್ತಿನಲ್ಲಿ ನಾಲ್ಕು ನಾಳಗಳನ್ನು ಗುರುತಿಸುತ್ತಾರೆ. ಉಸಿರಿನ ನಾಳ, ಅನ್ನನಾಳ, ಎರಡು ಬದಿಯ ದೊಡ್ಡ ರಕ್ತನಾಳಗಳು. ನಾಲ್ಕೂ ತುಂಡಾದರೆ ಯಾರಿಗೂ ತಕರಾರಿಲ್ಲ. ಕನಿಷ್ಠ ಎಷ್ಟು ಅನ್ನುವಲ್ಲಿ ಜಗಳ. ನಾಲ್ಕರಲ್ಲಿ ಮೂರು ಸಾಕು ಅಂತ ಸುನ್ನಿಗಳ ಹನಫಿ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ. ಉಸಿರಿನ ನಾಳ ಮತ್ತು ಅನ್ನನಾಳ ಪೂರ್ತಿ ತುಂಡಾಗಲೇಬೇಕು ಅಂತ ಸುನ್ನಿಗಳದೇ ಇನ್ನೊಂದು ಪಂಥದ ಶಾಫಿಈಗಳು. ಬೆನ್ನುಹುರಿಯ ತನಕ ಕತ್ತಿ ಇಳಿಸುವುದು ಒಳ್ಳೆಯದಲ್ಲ ಅಂತ ಹೇಳುತ್ತಾರೆ. ರಕ್ತ ಚೆನ್ನಾಗಿ ಹರಿದು ಹೋಗಬೇಕು. ಹಾಗಂತ ಮಾಂಸದೊಳಗೆ ಉಳಿದ ಒಂದಿಷ್ಟು ರಕ್ತಕ್ಕೆ ಯಾರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಕುರ್‌ಆನ್ ನಿಷೇಧಿಸಿದ್ದು ಹರಿಯುವ ರಕ್ತವನ್ನು.

ಕೊಯ್ಯುವ ಮುಂಚಿನ ನಡವಳಿಕೆಯ ಬಗ್ಗೆ ಇರುವ ಮಾತುಗಳು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತವೆ. ಇಮಾಮ್ ಮುಸ್ಲಿಮ್ ಅನ್ನುವವರ ಹದೀಸ್ ಸಂಗ್ರಹದಲ್ಲಿ ಶದ್ದಾದ್ ಇಬ್ನ್ ಔಸ್ ಹೇಳಿದ ಹದೀಸ್ ಇದೆ. ಎಲ್ಲ ಕೆಲಸವನ್ನೂ ಒಳ್ಳೆಯ ರೀತಿಯಲ್ಲಿ ಮಾಡಬೇಕೆಂದು ಅಲ್ಲಾಹನು ವಿಧಿಸಿದ್ದಾನೆ, ಕೊಯ್ಯುವಾಗಲೂ ಚೆನ್ನಾಗಿ ಕೊಯ್ಯಿರಿ, ಕತ್ತಿ ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೋವು ಕಡಿಮೆ ಮಾಡಿ ಅನ್ನುವುದು ಅದರ ಸಾರ. ಕುರಿಯನ್ನು ಕೆಡವಿಕೊಂಡು ಅದರ ಎದುರಿಗೇ ಕತ್ತಿ ಮಸೆಯುತ್ತಿದ್ದವನಿಗೆ, ಅದನ್ನು ಎರಡು ಸಲ ಸಾಯಿಸಬೇಕು ಅಂತಿದ್ದೀಯಾ ಅಂತ ಪ್ರವಾದಿಯವರು ಕೇಳಿದ ಹದೀಸೂ ಇದೆ. ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು. ಕಾಲು ಹಿಡಿದು ಎಳೆದುಕೊಂಡು ಹೋಗಬಾರದು. ಜೀವ ಪೂರ್ತಿ ಹೋಗುವ ಮುಂಚೆ ಚರ್ಮ ಸುಲಿಯಬಾರದು. ಮಲಗಿಸಿ ಕಿಬ್ಲಾದ ಕಡೆ, ಅಂದರೆ ಮಕ್ಕಾದ ಕಅಬಾದ ದಿಕ್ಕಿಗೆ ಮುಖ ಮಾಡುವುದು ಸುನ್ನಿಗಳಿಗೆ ಸುನ್ನತ್, ಅಂದರೆ ಮಾಡಿದರೆ ಒಳ್ಳೆಯದು; ಶಿಯಾಗಳಿಗೆ ಕಡ್ಡಾಯ.

ಹೆಸರು ಹೇಳುವ ವಿಷಯಕ್ಕೆ ಬರೋಣ. ಕೊಯ್ಯುವವನು ಬಿಸ್ಮಿಲ್ಲಾಹ್, ಅಲ್ಲಾಹು ಅಕ್ಬರ್ ಅನ್ನುತ್ತಾನೆ. ಮರೆತುಹೋದರೆ? ಹನಫಿಗಳ ಪ್ರಕಾರ ಮರೆತರೆ ಪರವಾಗಿಲ್ಲ, ಬೇಕಂತಲೇ ಬಿಟ್ಟರೆ ಹರಾಮ್. ಶಾಫಿಈಗಳಿಗೆ ಅದು ಸುನ್ನತ್ ಮಾತ್ರ, ಬಿಟ್ಟರೂ ಮಾಂಸ ಸಲ್ಲುತ್ತದೆ. ಯಹೂದಿ ಮತ್ತು ಕ್ರೈಸ್ತರು ಕೊಯ್ದದ್ದನ್ನು ತಿನ್ನಬಹುದು ಅಂತ ಅಲ್ ಮಾಇದಾದ 5ನೇ ವಚನದ ಆಧಾರದ ಮೇಲೆ ಸುನ್ನಿ ವಿದ್ವಾಂಸರು ಹೇಳುತ್ತಾರೆ.

ಮೀನಿಗೂ ಮಿಡತೆಗೂ ಕತ್ತಿಯೇ ಬೇಡ. ಬೇಟೆಯಲ್ಲಿ ಪಳಗಿಸಿದ ನಾಯಿಯನ್ನು ಬಿಡುವಾಗಲೇ ಬಿಸ್ಮಿ ಹೇಳಬೇಕು. ಅದು ಹಿಡಿದು ತಂದದ್ದಕ್ಕೆ ಇನ್ನೂ ಜೀವ ಇದ್ದರೆ ಕೊಯ್ಯಬೇಕು. ನೋಡಿ, ಇಲ್ಲೂ ಅದೇ ಪ್ರಶ್ನೆ.

ಈಗಿನ ಜಗಳ ಪ್ರಾಣಿಯ ಪ್ರಜ್ಞೆ ತಪ್ಪಿಸುವುದರ ಬಗ್ಗೆ. ಯುರೋಪಿಯನ್ ಒಕ್ಕೂಟದ 2009ರ ನಿಯಮದ ಪ್ರಕಾರ ಕೊಯ್ಯುವ ಮುಂಚೆ ಪ್ರಜ್ಞೆ ತಪ್ಪಿಸಬೇಕು. ಧಾರ್ಮಿಕ ವಿಧಿಗೆ ವಿನಾಯಿತಿ ಉಂಟು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯ ಆ ವಿನಾಯಿತಿಯನ್ನು ತೆಗೆದುಹಾಕಿತು. 2020ರ ಡಿಸೆಂಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಫ್ಲಾಂಡರ್ಸ್‌ನ ಆ ನಿರ್ಧಾರವನ್ನು ಎತ್ತಿಹಿಡಿಯಿತು. 2024ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಹಾಗೆಯೇ ಹೇಳಿತು. ಮುಸ್ಲಿಮರ ಜೊತೆ ಯಹೂದಿಗಳೂ ಈ ಮೊಕದ್ದಮೆ ಹೂಡಿದ್ದರು.

ಪ್ರಾಣಿಯ ಪರ ಮಾತಾಡುವವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕತ್ತು ಕೊಯ್ದ ಮೇಲೆ ಕುರಿಗೆ ಬೇಗ ಪ್ರಜ್ಞೆ ತಪ್ಪುತ್ತದೆ. ದನಕ್ಕೆ ಜಾಸ್ತಿ ಹೊತ್ತು ಬೇಕಾಗಬಹುದು. ಯಾಕೆಂದರೆ ಅದರ ಬೆನ್ನೆಲುಬಿನ ಪಕ್ಕದ ರಕ್ತನಾಳಗಳು ತುಂಡಾಗದೆ ಮಿದುಳಿಗೆ ರಕ್ತ ಕಳಿಸುತ್ತಲೇ ಇರುತ್ತವೆ. ಹರಿತವಾದ ಕತ್ತಿಯಿಂದ ಒಂದೇ ಸಲಕ್ಕೆ ಕೊಯ್ದರೆ ನೋವು ಕಡಿಮೆ ಅಂತ ಮುಸ್ಲಿಮರಲ್ಲಿ ಅನೇಕರು ವಾದಿಸುತ್ತಾರೆ. ಆದರೆ ವಿದ್ವಾಂಸರನ್ನು ಕಾಡುವ ಅನುಮಾನವೇ ಬೇರೆ. ಪ್ರಜ್ಞೆ ತಪ್ಪಿಸಲು ಕರೆಂಟ್ ಕೊಟ್ಟಾಗಲೇ ಪ್ರಾಣಿ ಸತ್ತುಹೋದರೆ? ಆಗ ಅದು ಪೆಟ್ಟು ತಿಂದು ಸತ್ತದ್ದರ ಸಾಲಿಗೆ ಸೇರುತ್ತದೆ. ನ್ಯೂಜಿಲೆಂಡ್ ಇದಕ್ಕೊಂದು ದಾರಿ ಹಿಡಿದಿದೆ. ಅಲ್ಲಿ ತಲೆಗೆ ಮಾತ್ರ ಕರೆಂಟ್ ಕೊಡುತ್ತಾರೆ. ಕೊಯ್ಯದೆ ಬಿಟ್ಟರೆ ಪ್ರಾಣಿ ಚೇತರಿಸಿಕೊಂಡು ಏಳುತ್ತದೆ. ಜೀವ ಇದ್ದಾಗಲೇ ಕೊಯ್ದ ಹಾಗಾಯಿತು, ನೋವೂ ತಪ್ಪಿತು. ಈ ಬಗೆಯನ್ನು ಒಪ್ಪಿ ಅಲ್ಲಿಂದ ಮಾಂಸ ತರಿಸಿಕೊಳ್ಳುವ ಮುಸ್ಲಿಂ ದೇಶಗಳಿವೆ. ಒಪ್ಪದ ವಿದ್ವಾಂಸರೂ ಇದ್ದಾರೆ. ನನ್ನನ್ನು ಕೇಳಿದರೆ, ನೋವು ಕಡಿಮೆ ಮಾಡಿ ಅನ್ನುವ ಹದೀಸಿಗೆ ಈ ದಾರಿ ಹತ್ತಿರವಾಗಿದೆ.

ಕೋಳಿಯ ವಿಷಯದಲ್ಲಿ ತೊಡಕು ಹೆಚ್ಚು. ತಲೆಕೆಳಗಾಗಿ ತೂಗಿಹಾಕಿದ ಕೋಳಿಗಳು ಕರೆಂಟ್ ಹರಿಯುವ ನೀರಿನ ತೊಟ್ಟಿಯಲ್ಲಿ ತಲೆ ಅದ್ದಿಕೊಂಡು ಸಾಲಾಗಿ ಬರುತ್ತವೆ. ಕೆಲವು ಅಲ್ಲೇ ಸಾಯಬಹುದು. ಮುಂದೆ ತಿರುಗುವ ಬ್ಲೇಡ್ ಇರುತ್ತದೆ. ಒಂದು ಸಲ ಬಿಸ್ಮಿ ಹೇಳಿ ಗುಂಡಿ ಒತ್ತಿದರೆ ಎಲ್ಲ ಕೋಳಿಗಳಿಗೂ ಸಂದಿತೇ? ಕೆಲವರು ಹೌದು ಅನ್ನುತ್ತಾರೆ. ಒಂದೊಂದು ಕೋಳಿಯನ್ನೂ ಕೈಯಿಂದಲೇ ಕೊಯ್ಯಬೇಕು ಅನ್ನುವವರು ಬಹಳ ಜನ.

ಇದೆಲ್ಲ ನಡೆಯುವುದನ್ನು ಕೊಳ್ಳುವವನು ನೋಡಿರುವುದಿಲ್ಲ. ಹೊಸದಾಗಿ ಇಸ್ಲಾಂ ಸ್ವೀಕರಿಸಿದವರು ಮಾಂಸ ತಂದುಕೊಟ್ಟಾಗ, ಅವರು ಬಿಸ್ಮಿ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ ಅಂತ ಕೆಲವರು ಪ್ರವಾದಿಯವರ ಬಳಿ ಹೇಳಿಕೊಂಡರು. ನೀವೇ ಹೆಸರು ಹೇಳಿ ತಿನ್ನಿ ಅಂತ ಉತ್ತರ ಬಂತು. ಇದನ್ನು ತಿಳಿಸಿದವರು ಪ್ರವಾದಿಯವರ ಪತ್ನಿ ಆಯಿಷಾ. ಈ ಉತ್ತರ ಕಾರ್ಖಾನೆಯ ಮಾಂಸಕ್ಕೂ ಅನ್ವಯಿಸುತ್ತದೆಯೇ ಅನ್ನುವುದರಲ್ಲಿ ಒಮ್ಮತ ಇಲ್ಲ. ಅದಕ್ಕೇ ಹಲಾಲ್ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಅವುಗಳ ನಡುವೆಯೂ ಕರೆಂಟ್ ಮತ್ತು ಬ್ಲೇಡ್ ವಿಷಯದಲ್ಲಿ ಹೊಂದಾಣಿಕೆ ಇಲ್ಲ. ಒಂದು ಸಂಸ್ಥೆ ಒಪ್ಪಿದ ಕೋಳಿಯನ್ನು ಇನ್ನೊಂದು ಸಂಸ್ಥೆ ಒಪ್ಪದೇ ಇರುವುದೂ ಉಂಟು.

ನಮಸ್ಕಾರ.